ಲ್ಯಾಕ್ಸ್ಟನ್‌ನಲ್ಲಿ ನೋಡಲು ಏನಿದೆ?

ಊರಿನಿಂದ ಯಾರೇ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ನಮ್ಮ ಮನೆಗೆ ಬಂದರೂ ಒಂದು ದಿನ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಉತ್ತರದ ಕಡೆಗಿರುವ ಲ್ಯಾಕ್ಸ್ಟನ್ ಎಂಬ ಹಳ್ಳಿಗೆ ಹೊರಡುತ್ತೇನೆ. ಇಳಿದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಇಲ್ಲಿ ನೋಡಲು ಏನಿದೆ? ಕಳೆದ ವರ್ಷ ಬಂದಿದ್ದ ಅತ್ತಿಗೆಯಂತೂ, "ಸಾಗರದಿಂದ ಇಷ್ಟು ದೂರ ಬಂದದ್ದು ಹೊಲ ನೋಡುವುದಕ್ಕೇ?" ಎಂದು ಮುಖ ಸಣ್ಣ ಮಾಡಿಕೊಂಡರು.

ಮೊದಲ ನೋಟಕ್ಕೆ ಏನೂ ಇಲ್ಲ, ನಿಜ. ಒಂದು ಬೀದಿ, ಒಂದು ಚರ್ಚು, ಒಂದು ಪಬ್ಬು. ಊರಿನ ಉತ್ತರಕ್ಕೆ ನಾರ್ಮನ್ನರ ಕಾಲದ ಕೋಟೆಯ ಮಣ್ಣುದಿಬ್ಬ, ಅದರ ಮೇಲೆ ಹುಲ್ಲು. ಆದರೆ ರೈತರ ಮನೆಗಳನ್ನು ಗಮನಿಸಿ. ಈ ದೇಶದಲ್ಲಿ ಸಾಮಾನ್ಯವಾಗಿ ರೈತನ ಮನೆ ಅವನ ಹೊಲಗಳ ನಡುವೆ ಒಂಟಿಯಾಗಿ ನಿಂತಿರುತ್ತದೆ. ಇಲ್ಲಿ ಮಾತ್ರ ನಮ್ಮ ಬಯಲುಸೀಮೆಯ ಊರುಗಳಂತೆ ಮನೆಗಳೆಲ್ಲ ಬೀದಿಯ ಇಕ್ಕೆಲಗಳಲ್ಲಿ, ಹೊಲವೆಲ್ಲ ಊರಾಚೆ. ಆ ಹೊಲಕ್ಕೆ ಬೇಲಿಯೇ ಇಲ್ಲ.

ಇಂಗ್ಲೆಂಡ್ ಎಂದರೆ ಹಸಿರು ಬೇಲಿಗಳ ಚೌಕುಳಿ ಎಂದುಕೊಂಡವರಿಗೆ ಇದು ಹೊಸದು. ಆ ಚೌಕುಳಿಯೇ ಈಚಿನದು. 1604ರಿಂದ 1914ರವರೆಗೆ ಪಾರ್ಲಿಮೆಂಟು 5,200ಕ್ಕೂ ಹೆಚ್ಚು ಕಾಯಿದೆಗಳನ್ನು ಮಾಡಿ ಊರೊಟ್ಟಿನ ಜಮೀನುಗಳಿಗೆ ಬೇಲಿ ಹಾಕಿಸಿತು. ಲ್ಯಾಕ್ಸ್ಟನ್ ತಪ್ಪಿಸಿಕೊಂಡಿತು. ಇಲ್ಲಿದ್ದ ಇಬ್ಬರು ದೊಡ್ಡ ಜಮೀನ್ದಾರರ ನಡುವೆ ಒಪ್ಪಂದ ಕುದುರದೇ ಹೋದದ್ದೂ ಅದಕ್ಕೊಂದು ಕಾರಣ ಎನ್ನುತ್ತಾರೆ. ಜಗಳದಿಂದ ಊರು ಉಳಿದ ಉದಾಹರಣೆ ನನಗೆ ಇದೊಂದೇ ಗೊತ್ತು.

ಈಗ ಇಲ್ಲಿ ಮೂರು ದೊಡ್ಡ ಹೊಲಗಳಿವೆ: ಸೌತ್ ಫೀಲ್ಡ್, ವೆಸ್ಟ್ ಫೀಲ್ಡ್, ಮಿಲ್ ಫೀಲ್ಡ್. ಒಂದೊಂದರಲ್ಲೂ ಹಲವು ರೈತರ ಉದ್ದುದ್ದ ಪಟ್ಟಿಗಳು, ನಡುವೆ ಅಂಚಿಲ್ಲ, ಬದುವಿಲ್ಲ. ಒಂದು ಹೊಲಕ್ಕೆ ಚಳಿಗಾಲದ ಗೋಧಿ, ಇನ್ನೊಂದಕ್ಕೆ ವಸಂತದಲ್ಲಿ ಬಿತ್ತುವ ಬೆಳೆ, ಮೂರನೆಯದು ಬೀಳು. ಮರುವರ್ಷ ಸರದಿ ಬದಲು. ಒಬ್ಬನ ಪಟ್ಟಿಗಳು ಒಂದೇ ಕಡೆ ಇರದೆ ಚದುರಿರುವುದರಿಂದ ಒಳ್ಳೆಯ ಮಣ್ಣೂ ಕೆಟ್ಟ ಮಣ್ಣೂ ಎಲ್ಲರ ಪಾಲಿಗೆ ಬರುತ್ತದೆ. ಜಿಗುಟು ಜೇಡಿಮಣ್ಣಿನಲ್ಲಿ ಎತ್ತುಗಳ ಸಾಲನ್ನು ಪದೇ ಪದೇ ತಿರುಗಿಸುವುದು ಕಷ್ಟ. ಪಟ್ಟಿಗಳು ಉದ್ದವಾದದ್ದು ಅದಕ್ಕೇ. ನಮ್ಮ ಅಜ್ಜ "ಎರಡು ಫರ್ಲಾಂಗು ಅಷ್ಟೆ, ನಡೆದುಬಿಡು" ಎನ್ನುತ್ತಿದ್ದರಲ್ಲ, ಆ ಫರ್ಲಾಂಗಿನ ಮೂಲ ಅರ್ಥ ನೇಗಿಲಸಾಲಿನ ಉದ್ದ. ಇಲ್ಲಿ ಪಟ್ಟಿಗಳ ಗುಂಪಿಗೆ ಈಗಲೂ ಅದೇ ಹೆಸರು.

ಅಂಚಿಲ್ಲದಿದ್ದರೆ ಒತ್ತುವರಿ ಆಗುವುದಿಲ್ಲವೇ? ಆಗುತ್ತದೆ. ವರ್ಷಕ್ಕೊಂದು ಗೇಣು ಗದ್ದೆಯ ಅಂಚು ಕಡಿದು ತಮ್ಮದಾಗಿಸಿಕೊಳ್ಳುವವರನ್ನು ನೋಡುತ್ತಲೇ ಬೆಳೆದ ನನಗೆ ಅತ್ಯಂತ ಇಷ್ಟವಾದದ್ದು ಇಲ್ಲಿನ ಪರಿಹಾರ. ನವೆಂಬರ್ ಕೊನೆಯಲ್ಲಿ ಒಂದು ದಿನ ಊರಿನ ಪಂಚರು ಟ್ರ್ಯಾಕ್ಟರ್ ಟ್ರೇಲರ್ ಏರಿ ಆ ವರ್ಷದ ಗೋಧಿ ಹೊಲಕ್ಕೆ ಹೋಗುತ್ತಾರೆ. ಒಮ್ಮೆ ನಾನೂ ದೂರದಿಂದ ನೋಡುತ್ತಾ ನಿಂತಿದ್ದೆ. ಒಬ್ಬರು ಪಟ್ಟಿಯ ತುದಿಯಿಂದ ಕಣ್ಣು ಕಿರಿದು ಮಾಡಿ ಗೆರೆ ನೋಡಿದರು, ಇನ್ನೊಬ್ಬರು ಬೂಟಿನಿಂದ ಮಣ್ಣು ಸರಿಸಿದರು, ಮತ್ತೊಬ್ಬರು ಮರದ ಗೂಟವೊಂದನ್ನು ನೆಟ್ಟು ಸುತ್ತಿಗೆಯಿಂದ ಬಡಿದರು. ಗೂಟ ದಾಟಿ ಉತ್ತವನಿಗೆ, ಚರಂಡಿ ತೆಗೆಯದವನಿಗೆ ದಂಡ. ಆ ಮಧ್ಯಾಹ್ನ ಪಬ್ಬಿನಲ್ಲಿ ಎಲ್ಲರಿಗೂ ಊಟ. ಮುಂದಿನ ವಾರ ಅದೇ ಪಬ್ಬಿನಲ್ಲಿ 'ಕೋರ್ಟ್ ಲೀಟ್' ಎಂಬ ಊರ ನ್ಯಾಯಾಲಯ ಸೇರಿ ದಂಡವನ್ನು ಖಾಯಂ ಮಾಡುತ್ತದೆ. ದಂಡ ಕೆಲವೇ ಪೌಂಡು. ಹೋಗುವುದು ಮಾನ.

ಇಷ್ಟು ಹೇಳಿದರೂ ಅತ್ತಿಗೆಗೆ ಸಮಾಧಾನವಾಗಲಿಲ್ಲ. ಆಗ ನಕ್ಷೆಯ ಕಥೆ ತೆಗೆದೆ.

1635ರಲ್ಲಿ ಮಾರ್ಕ್ ಪಿಯರ್ಸ್ ಎಂಬ ಮೋಜಣಿದಾರ ಈ ಊರಿನ ಪಟ್ಟಿ ಪಟ್ಟಿಯನ್ನೂ ಅಳೆದು ದೊಡ್ಡ ನಕ್ಷೆ ಬರೆದ. ಅದರಲ್ಲಿ ಉಳುವವರೂ ಕೊಯ್ಯುವವರೂ ಬೆರಳಗಲದ ಚಿತ್ರಗಳಾಗಿ ಇದ್ದಾರೆ. ಅದು ಈಗ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ನಕ್ಷೆ ಬರೆಸಿದವನು ಆಗ ಊರಿನ ಒಡೆಯನಾಗಿದ್ದ ಲಂಡನ್ನಿನ ವ್ಯಾಪಾರಿ ಸರ್ ವಿಲಿಯಂ ಕೋರ್ಟೀನ್. ಅದೇ 1635ರಲ್ಲಿ ಅವನ ಕೂಟ ಈಸ್ಟ್ ಇಂಡಿಯಾ ಕಂಪನಿಗೆ ಪೈಪೋಟಿಯಾಗಿ ರಾಜ ಒಂದನೇ ಚಾರ್ಲ್ಸ್‌ನಿಂದ ಪರವಾನಗಿ ಪಡೆಯಿತು. 1636ರಲ್ಲಿ ಹಡಗುಗಳು ಹೊರಟವು. ಕೋರ್ಟೀನ್ ಅದೇ ವರ್ಷ ತೀರಿಕೊಂಡ. ಹಡಗುಗಳು ಬಂದದ್ದು ಎಲ್ಲಿಗೆ? ಗೋವೆಗೆ, ಅಲ್ಲಿಂದ ಭಟ್ಕಳಕ್ಕೆ. 1637ರಲ್ಲಿ ಅವುಗಳಲ್ಲಿದ್ದ ಪೀಟರ್ ಮಂಡಿ ಮತ್ತು ಸಂಗಡಿಗರು ಘಟ್ಟ ಹತ್ತಿ ಇಕ್ಕೇರಿಗೆ, ಅಲ್ಲಿನ ಅರಸ ವೀರಭದ್ರ ನಾಯಕನ ಬಳಿಗೆ, ಕಾಳುಮೆಣಸಿನ ವ್ಯಾಪಾರದ ಮಾತಿಗೆ ಬಂದರು. ಮರುವರ್ಷ ಕಾರವಾರದಲ್ಲೂ ಅವರ ಕೋಠಿ ಎದ್ದಿತು. ವ್ಯಾಪಾರ ಮಾತ್ರ ಕೈಹಿಡಿಯಲಿಲ್ಲ. ಕೋರ್ಟೀನನ ಮಗ ದಿವಾಳಿಯಾದ, ಲ್ಯಾಕ್ಸ್ಟನ್ ಬೇರೆ ಮನೆತನದ ಪಾಲಾಯಿತು.

ಇಕ್ಕೇರಿ ಎಂದರೆ ಅತ್ತಿಗೆಯ ತವರಿನಿಂದ ನಡೆದು ಹೋಗುವಷ್ಟು ದೂರ. ಅವರ ಮನೆಯ ತೋಟದಲ್ಲಿ ಅಡಿಕೆ ಮರಗಳಿಗೆಲ್ಲ ಮೆಣಸಿನ ಬಳ್ಳಿ ಹಬ್ಬಿದೆ. ಅವರು ಬೇಲಿಯಿಲ್ಲದ ಆ ಹೊಲವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಮೆಣಸಿಗೆ ಏನು ದರ ಕೊಟ್ಟರಂತೆ?" ಎಂದು ಕೇಳಿದರು.