ಸಿಎಸ್‌ಆರ್ ಹಣದಲ್ಲಿ ದೊಡ್ಡ ಯಂತ್ರ ಬೇಡ, ಸುಟ್ಟುಹೋಗುವ ಬಿಡಿಭಾಗ ಕೊಡಿ

ಕಾಸರಗೋಡು ಕಡೆಯ ಎಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ವಿದ್ಯಾರ್ಥಿಗಳ ಲ್ಯಾಬ್‌ಗೆ ಕಂಪನಿಯಿಂದ ನೆರವು ಕೊಡಿಸುವುದು, ಪ್ರಾಜೆಕ್ಟ್ ತಂಡಗಳಿಗೆ ಮೆಂಟರ್ ಆಗಿ ನಿಲ್ಲುವುದು ನಮ್ಮ ಕೆಲಸ. ಇದರಲ್ಲಿ ಸರ್ಕ್ಯೂಟಿಗಿಂತ ಮೊದಲು ತಿಳಿಯಬೇಕಾದ್ದು ಲೆಕ್ಕಪತ್ರ.

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಹೀಗಿದೆ: ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ, ನಿವ್ವಳ ಲಾಭ 5 ಕೋಟಿ ರೂಪಾಯಿ, ಇವುಗಳಲ್ಲಿ ಒಂದನ್ನು ಮುಟ್ಟಿದ ಕಂಪನಿಯೂ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಿಎಸ್‌ಆರ್‌ಗೆ, ಅಂದರೆ ಕಂಪನಿಯ ಸಾಮಾಜಿಕ ಹೊಣೆಗಾರಿಕೆಗೆ, ಖರ್ಚು ಮಾಡಬೇಕು. ಹಣವಾಗಿಯೇ ಖರ್ಚಾಗಬೇಕು, ವಸ್ತುವಿನ ಅಥವಾ ದುಡಿಮೆಯ ರೂಪದಲ್ಲಿ ಕೊಟ್ಟದ್ದಕ್ಕೆ ಬೆಲೆ ಕಟ್ಟಿ ತೋರಿಸುವಂತಿಲ್ಲ. ಕಂಪನಿಯ ಎಂಜಿನಿಯರ್ ಶನಿವಾರವಿಡೀ ಲ್ಯಾಬ್‌ನಲ್ಲಿ ಕೂತರೂ ಆ ಗಂಟೆಗಳು ಲೆಕ್ಕಕ್ಕೆ ಬರುವುದಿಲ್ಲ. ಹತ್ತು ಲಕ್ಷದ ಯಂತ್ರ ಬಿಲ್ ಸಮೇತ ಬರುತ್ತದೆ. ಜನವರಿ ಕಳೆದ ಮೇಲೆ ಎಲ್ಲರೂ ಯಂತ್ರ ಕೊಳ್ಳಲು ಹೊರಡುವುದು ಇದಕ್ಕೇ. ಯಂತ್ರ ಲ್ಯಾಬಿಗೆ ಬರುವಷ್ಟರಲ್ಲಿ ಪ್ರಾಜೆಕ್ಟ್ ಮುಗಿದಿರುತ್ತದೆ. ಹಾಳಾದರೆ ಯಾರು ಉತ್ತರ ಕೊಡುವುದು ಎಂಬ ಭಯಕ್ಕೆ ಲ್ಯಾಬಿನವರು ಬೀಗ ಹಾಕುತ್ತಾರೆ. ಅವರನ್ನು ದೂರಿ ಫಲವಿಲ್ಲ, ರಿಪೇರಿಗೆ ನಾವು ಹಣವನ್ನೇ ಇಟ್ಟಿರುವುದಿಲ್ಲವಲ್ಲ.

ದಾರಿ ಇದೆ. ನೆರವನ್ನು ಒಂದು ವರ್ಷದ ದಾನವಾಗಿ ಬರೆಯದೆ, ಹಲವು ವರ್ಷ ಮುಂದುವರಿಯುವ ಯೋಜನೆಯಾಗಿ ಕಂಪನಿಯ ನಿರ್ದೇಶಕ ಮಂಡಳಿಯಿಂದ ಒಪ್ಪಿಗೆ ಪಡೆಯಬೇಕು. ಆಗ ಉಳಿದ ಹಣವನ್ನು ಆರ್ಥಿಕ ವರ್ಷ ಮುಗಿದ 30 ದಿನಗಳೊಳಗೆ ಪ್ರತ್ಯೇಕ ಖಾತೆಗೆ ಹಾಕಿ, ಮುಂದಿನ ಮೂರು ವರ್ಷಗಳಲ್ಲಿ ಬಳಸಬಹುದು. ಮಾರ್ಚ್‌ನ ಅವಸರ ತಪ್ಪುತ್ತದೆ, ಖರೀದಿ ಕಾಲೇಜಿನ ಕ್ಯಾಲೆಂಡರ್‌ಗೆ ಹೊಂದುತ್ತದೆ. ಕೇರಳದ ಎಪಿಜೆ ಅಬ್ದುಲ್ ಕಲಾಂ ತಾಂತ್ರಿಕ ವಿಶ್ವವಿದ್ಯಾಲಯದ 2019ರ ಪಠ್ಯಕ್ರಮದಲ್ಲಿ ಆರನೇ ಸೆಮಿಸ್ಟರ್‌ಗೆ ಮಿನಿ ಪ್ರಾಜೆಕ್ಟ್, ಏಳು ಮತ್ತು ಎಂಟಕ್ಕೆ ಮುಖ್ಯ ಪ್ರಾಜೆಕ್ಟ್. ಏಳನೇ ಸೆಮಿಸ್ಟರ್ ಶುರುವಾಗುವಾಗ ಬಿಡಿಭಾಗಗಳ ಪೆಟ್ಟಿಗೆ ಮೇಜಿನ ಮೇಲಿರಬೇಕು.

ವಿಷಯವನ್ನು ವಿದ್ಯಾರ್ಥಿಯ ಮನೆಯ ಹಿತ್ತಲಿನಿಂದಲೇ ಎತ್ತಿಕೊಳ್ಳುವುದು ಒಳ್ಳೆಯದು. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಹುಡುಗ ಹುಡುಗಿಯರಿಗೆ ಅಡಿಕೆ ತೋಟ ಗೊತ್ತು, ಬೇಸಗೆಯಲ್ಲಿ ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಿಲದ) ನೀರು ಸಣ್ಣದಾಗುವುದೂ ಗೊತ್ತು. ಮಣ್ಣಿನ ತೇವ ನೋಡಿ ಹನಿ ನೀರಾವರಿಯ ವಾಲ್ವ್ ತೆರೆಯುವ ಸಾಧನ ಅವರಿಗೆ ಹೇಳಿ ಮಾಡಿಸಿದ ಪ್ರಾಜೆಕ್ಟ್. ನಾಲ್ಕು ಜನರ ತಂಡಕ್ಕೆ ಇಷ್ಟು ಸಾಕು: ಇಎಸ್‌ಪಿ 32 ಬೋರ್ಡ್ (ವೈಫೈ ಇರುವ ಪುಟ್ಟ ನಿಯಂತ್ರಕ) ಎರಡು, ಕೆಪ್ಯಾಸಿಟಿವ್ ತೇವಾಂಶ ಸೆನ್ಸರ್ ಮೂರು, 12 ವೋಲ್ಟ್‌ನ ಅರ್ಧ ಇಂಚಿನ ಸೊಲೆನಾಯ್ಡ್ ವಾಲ್ವ್ (ವಿದ್ಯುತ್ತಿನಿಂದ ತೆರೆಯುವಂಥದ್ದು) ಒಂದು, ವಾಲ್ವ್‌ಗೆ ಸ್ವಿಚ್ ಆಗುವ ಐಆರ್‌ಎಲ್‌ಜೆಡ್ 44ಎನ್ ಮಾಸ್ಫೆಟ್ ಮೂರು, 1ಎನ್4007 ಡಯೋಡ್ ಹತ್ತು, ವೋಲ್ಟೇಜ್ ಇಳಿಸುವ ಎಲ್‌ಎಂ2596 ಬಕ್ ಮಾಡ್ಯೂಲ್ ಎರಡು, 12 ವೋಲ್ಟ್ 2 ಆಂಪಿಯರ್ ಅಡಾಪ್ಟರ್, ಮಲ್ಟಿಮೀಟರ್. ಇದರ ಮೇಲೆ ಸೆನ್ಸರ್ ಅರ್ಧದಷ್ಟು, ಬೋರ್ಡ್ ಕಾಲು ಭಾಗದಷ್ಟು ಹೆಚ್ಚುವರಿ ಇಡಿ. ಸುಟ್ಟರೆ ಬೇರೆ ಸಿಗುತ್ತದೆ ಎಂಬ ಧೈರ್ಯವಿದ್ದಲ್ಲೇ ಕೈ ಪಳಗುವುದು. ಕೊಳ್ಳುವ ಪಟ್ಟಿಯಲ್ಲಿ ಈ ಸಾಲಿಗೆ ಕತ್ತರಿ ಬೀಳದಂತೆ ಹಟ ಹಿಡಿಯಿರಿ.

ಇನ್ನು ಎಲ್ಲಿ ಕೆಡುತ್ತದೆ ಎಂಬುದು. ಅಗ್ಗದ ಸೆನ್ಸರ್‌ಗಳಲ್ಲಿ ಕೆಲವಕ್ಕೆ ಟಿಎಲ್‌ಸಿ555 ಬದಲು ಎನ್‌ಇ555 ಚಿಪ್ ಕೂರಿಸಿರುತ್ತಾರೆ. ಅದಕ್ಕೆ ಕನಿಷ್ಠ 4.5 ವೋಲ್ಟ್ ಬೇಕು, ಬೋರ್ಡ್ ಕೊಡುವ 3.3ರಲ್ಲಿ ಸರಿಯಾಗಿ ನಡೆಯದು. ಪೆಟ್ಟಿಗೆ ಬಂದ ದಿನವೇ ಭೂತಗನ್ನಡಿಯಲ್ಲಿ ಚಿಪ್ ಮೇಲಿನ ಅಕ್ಷರ ಓದಿಸಿ. ಸೆನ್ಸರ್ ಹಲಗೆಯ ಕತ್ತರಿಸಿದ ಅಂಚು ನೀರು ಹೀರುತ್ತದೆ. ಎಪಾಕ್ಸಿ ಬಳಿದು ಒಣಗಿಸದೆ ಮಣ್ಣಿಗಿಳಿಸಬಾರದು. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಮಣ್ಣಿನಲ್ಲಿ ಹರಳು ಹೆಚ್ಚಾದ್ದರಿಂದ ಸೆನ್ಸರ್ ಸುತ್ತ ಗಾಳಿ ಉಳಿದು, ತೇವವಿದ್ದರೂ ಒಣ ಎಂದೇ ತೋರಿಸುತ್ತದೆ. ಜರಡಿ ಹಿಡಿದ ಮಣ್ಣನ್ನು ನೀರಲ್ಲಿ ಕಲಸಿ ಅದರ ಸುತ್ತ ತುಂಬಬೇಕು.

ಕ್ಯಾಲಿಬ್ರೇಶನ್, ಅಂದರೆ ಸೆನ್ಸರ್ ಅಂಕಿಯನ್ನು ನಿಜವಾದ ತೇವಕ್ಕೆ ಹೊಂದಿಸುವುದು ಎಂದರೆ ಗಾಳಿಯಲ್ಲಿ ಒಂದು, ನೀರಲ್ಲಿ ಒಂದು ಅಂಕಿ ಬರೆದುಕೊಳ್ಳುವುದಲ್ಲ. ಅದೇ ತೋಟದ ಮಣ್ಣನ್ನು ತೂಗಿ, 105 ಡಿಗ್ರಿಯ ಓವನ್‌ನಲ್ಲಿ 24 ಗಂಟೆ ಒಣಗಿಸಿ, ಮತ್ತೆ ತೂಗಿ ತೇವಾಂಶದ ಶೇಕಡಾವಾರು ತೆಗೆಯಬೇಕು. ಇಂಥ ನಾಲ್ಕೈದು ಬಿಂದುಗಳಾದರೂ ಬೇಕು. ಈ ಸೆನ್ಸರ್ ಒಣಗಿದಾಗ ಹೆಚ್ಚು ವೋಲ್ಟೇಜ್ ಕೊಡುತ್ತದೆ. ಕೋಡ್‌ನಲ್ಲಿ ಅದನ್ನು ತಲೆಕೆಳಗೆ ಬರೆದ ತಂಡದ ವಾಲ್ವ್ ಮಳೆಯಲ್ಲಿ ತೆರೆದು ಬಿಸಿಲಲ್ಲಿ ಮುಚ್ಚುತ್ತದೆ.

ವೈಫೈ ಹಾಕಿದ ತಕ್ಷಣ ಸೆನ್ಸರ್ ಸತ್ತಂತಾದರೆ ತಂತಿ ಎಡಿಸಿ 2ರ (ವೋಲ್ಟೇಜನ್ನು ಅಂಕಿಯಾಗಿಸುವ, ವೈಫೈ ಇದ್ದಾಗ ಸಿಗದ ಘಟಕದ) ಪಿನ್‌ನಲ್ಲಿದೆ ಎಂದರ್ಥ. ಅದನ್ನು 32ರಿಂದ 39ರೊಳಗಿನ ಎಡಿಸಿ 1ರ ಪಿನ್‌ಗೆ ಬದಲಿಸಬೇಕು. ವಾಲ್ವ್ ಮುಚ್ಚುವ ಕ್ಷಣದಲ್ಲಿ ಬೋರ್ಡ್ ರೀಸೆಟ್ ಆದರೆ ವಾಲ್ವ್‌ನ ಕಾಯಿಲ್‌ಗೆ ಅಡ್ಡಲಾಗಿ ಡಯೋಡ್ ಇಲ್ಲ ಎಂದರ್ಥ. ಬೋರ್ಡಿಗೆ ನೇರ 12 ವೋಲ್ಟ್ ಕೊಟ್ಟರೆ ಅದರ ರೆಗ್ಯುಲೇಟರ್ ಕೈ ಸುಡುವಷ್ಟು ಕಾಯುತ್ತದೆ, ಅದಕ್ಕೇ ಬಕ್ ಮಾಡ್ಯೂಲ್.

ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳಿಗೆ ಹೊಳೆಯದ ದೋಷ ನೀರಿನದ್ದು. ಇಂಥ ವಾಲ್ವ್‌ಗಳಲ್ಲಿ ಹೆಚ್ಚಿನವು ತೆರೆಯಲು ಸುಮಾರು 0.2 ಬಾರ್ ಒತ್ತಡ ಕೇಳುತ್ತವೆ, ಅಂದರೆ ಎರಡು ಮೀಟರ್ ಎತ್ತರದ ನೀರು. ತೋಟದ ಟ್ಯಾಂಕ್ ಅದಕ್ಕಿಂತ ತಗ್ಗಿನಲ್ಲಿದ್ದರೆ ವಾಲ್ವ್ ಟಕ್ ಎನ್ನುತ್ತದೆ, ನೀರು ಬರುವುದಿಲ್ಲ. ವಾರಗಟ್ಟಲೆ ಕೋಡ್ ತಿದ್ದುತ್ತಾ ಕೂರುವುದು ಇಲ್ಲೇ. ಒಂದು ಮರಳ ಕಣ ಡಯಾಫ್ರಂಗೆ (ವಾಲ್ವ್ ಒಳಗಿನ ರಬ್ಬರ್ ಪೊರೆಗೆ) ಸಿಕ್ಕರೆ ವಾಲ್ವ್ ಮುಚ್ಚುವುದೂ ಇಲ್ಲ. ಮೊದಲು ಫಿಲ್ಟರ್ ಹಾಕಿ. 230 ವೋಲ್ಟ್‌ನ ಪಂಪ್ ಸ್ಟಾರ್ಟರ್ ಮಾತ್ರ ವಿದ್ಯಾರ್ಥಿ ಮುಟ್ಟಬಾರದು, ಅದು ಲೈಸೆನ್ಸ್ ಇರುವ ವಯರ್‌ಮನ್‌ನ ಕೆಲಸ.

ಒಬ್ಬ ಮೆಂಟರ್‌ಗೆ ಎರಡಕ್ಕಿಂತ ಹೆಚ್ಚು ತಂಡ ಬೇಡ. ಹದಿನೈದು ದಿನಕ್ಕೊಮ್ಮೆ ಎರಡು ಗಂಟೆ ಲ್ಯಾಬ್‌ನಲ್ಲಿ, ನಡುವಿನ ವಾರ ಸಣ್ಣದೊಂದು ಫೋನ್ ಕರೆ. "ಸರ್, ವರ್ಕ್ ಆಗ್ತಾ ಇಲ್ಲ" ಎಂದರೆ ಉತ್ತರ ಹೇಳಬೇಡಿ. ಮೂರು ಅಳತೆ ಕೇಳಿ: ಬಕ್ ಔಟ್‌ಪುಟ್ ಎಷ್ಟು, ಗ್ರೌಂಡ್‌ಗಳ ನಡುವೆ ಕಂಟಿನ್ಯುಟಿ (ಕಡಿಯದ ಸಂಪರ್ಕ) ಇದೆಯೇ, ಸೆನ್ಸರ್ ಪಿನ್‌ನಲ್ಲಿ ಎಷ್ಟು ವೋಲ್ಟ್. ಅರ್ಧಕ್ಕರ್ಧ ತೊಂದರೆ ಅಳೆಯುವಾಗಲೇ ಸಿಕ್ಕಿಬೀಳುತ್ತದೆ. ಮೆಂಟರ್ ಸೋಲ್ಡರಿಂಗ್ ಐರನ್ ಕೈಗೆತ್ತಿಕೊಂಡರೆ ಆ ದೋಷದ ಪಾಠ ವಿದ್ಯಾರ್ಥಿಗಳ ಕೈತಪ್ಪಿ ಹೋದಂತೆ. ಅಳತೆ, ದಿನಾಂಕ, ಬದಲಿಸಿದ ಭಾಗ ಇವಿಷ್ಟೂ ತಂಡದ ನೋಟ್‌ಬುಕ್‌ಗೆ ಸೇರಲಿ. ಮೌಲ್ಯಮಾಪನದಲ್ಲಿ ಅದಕ್ಕೂ ಅಂಕ ಇಡಲು ವಿಭಾಗದ ಮುಖ್ಯಸ್ಥರನ್ನು ಒಪ್ಪಿಸಿ.

ಪತ್ತನಾಜೆಯ (ಮೇ ಕೊನೆಯಲ್ಲಿ ಬರುವ ತುಳುನಾಡಿನ ಆಚರಣೆಯ ದಿನ) ಹೊತ್ತಿಗೆ ತೋಟದಿಂದ ಸೆನ್ಸರ್, ವಾಲ್ವ್, ಪೆಟ್ಟಿಗೆ ಎಲ್ಲ ಬಿಚ್ಚಿ ತರಬೇಕು. ಮಳೆಗಾಲದಲ್ಲಿ ಅಲ್ಲಿ ಅವುಗಳಿಗೆ ಕೆಲಸವಿಲ್ಲ, ತುಕ್ಕು ಮಾತ್ರ. ಕೆಟ್ಟದ್ದನ್ನೂ ಎಸೆಯದೆ, ಯಾಕೆ ಕೆಟ್ಟಿತೆಂಬ ಚೀಟಿ ಕಟ್ಟಿ ಮುಂದಿನ ಬ್ಯಾಚ್‌ಗೆ ಕೊಡಿ. ಆ ಚೀಟಿಗಳನ್ನು ಎಣಿಸಿಯೇ ಮುಂದಿನ ವರ್ಷದ ಬಿಡಿಭಾಗಗಳ ಪಟ್ಟಿ ತಯಾರಿಸಬೇಕು.