ಶುಂಠಿ ಕಿತ್ತ ದಿನ

ಎಲೆಗಳು ತುದಿಯಿಂದ ಹಳದಿಯಾಗುತ್ತಾ ಬಂದು ಕಾಂಡಗಳು ಒಂದೊಂದಾಗಿ ಒರಗತೊಡಗಿದಾಗಲೇ ನೀರು ಹಾಕುವುದನ್ನು ನಿಲ್ಲಿಸಿದ್ದೆ. ಬಲಿತ ಶುಂಠಿಗೆ ಎಂಟರಿಂದ ಹತ್ತು ತಿಂಗಳು ಬೇಕು. ಐದಾರು ತಿಂಗಳಿಗೇ ಕಿತ್ತರೆ ನಾರಿಲ್ಲದ, ನಸುಗೆಂಪು ಮೊಗ್ಗುಗಳ ಎಳೆ ಶುಂಠಿ ಸಿಗುತ್ತದೆ. ಆದರೆ ಅದನ್ನು ಹೆಚ್ಚು ಕಾಲ ಇಡಲಾಗದು, ಬಿತ್ತನೆಗೂ ಆಗದು. ನನಗೆ ಎರಡೂ ಬೇಕಾಗಿದ್ದವು. ಹಾಗಾಗಿ ಕಾಂಡಗಳು ಪೂರ್ತಿ ಒಣಗುವವರೆಗೆ ತಾಳ್ಮೆಯಿಂದ ಕಾದು, ರಜೆಯ ದಿನ ಬೆಳಿಗ್ಗೆ ಬಾಲ್ಕನಿಯಲ್ಲಿ ಹಳೆಯ ಬೆಡ್‌ಶೀಟ್ ಹಾಸಿ ಮಗಳನ್ನು ಜೊತೆಗೆ ಕೂರಿಸಿಕೊಂಡೆ.

ಸಾಲಾಗಿ ಇದ್ದವು ನಾಲ್ಕು: ಹಿಡಿ ಮುರಿದ ಬಕೆಟ್, ಬಾಯಿ ಕತ್ತರಿಸಿದ ಹದಿನೈದು ಲೀಟರಿನ ಅಡುಗೆ ಎಣ್ಣೆಯ ಕ್ಯಾನು, ಧಾನ್ಯ ತುಂಬಿ ಬಂದಿದ್ದ ಪ್ಲಾಸ್ಟಿಕ್ ನೇಯ್ಗೆಯ ಚೀಲ, ಮತ್ತು ಮಗಳು ಕೂಸಾಗಿದ್ದಾಗ ಅವಳಿಗೆ ಸ್ನಾನ ಮಾಡಿಸುತ್ತಿದ್ದ ಟಬ್. ಬಣ್ಣದ ಡಬ್ಬಗಳೂ ಮನೆಯಲ್ಲಿದ್ದವು, ಅವನ್ನು ನಾನು ಮುಟ್ಟಲಿಲ್ಲ. ತಿನ್ನುವ ಬೆಳೆಗೆ ಆಹಾರ ತುಂಬಿದ್ದ ಅಥವಾ ಶುದ್ಧ ನೀರು ಕಂಡ ಪಾತ್ರೆಯೇ ಆಗಬೇಕು ಎಂಬುದರಲ್ಲಿ ನನಗೆ ರಾಜಿಯಿಲ್ಲ. ನಾಲ್ಕಕ್ಕೂ ಹಾಕಿದ್ದು ಒಂದೇ ಮಿಶ್ರಣ: ಮಣ್ಣು, ಕಾಂಪೋಸ್ಟ್, ನೀರು ಬಸಿಯಲೆಂದು ಸ್ವಲ್ಪ ಮರಳು. ನೆಟ್ಟದ್ದೂ ಒಂದೇ ಗೆಡ್ಡೆಯಿಂದ ಮುರಿದ ತುಂಡುಗಳನ್ನು. ಪ್ರತಿ ತುಂಡಿನಲ್ಲಿ ಉಬ್ಬಿದ ಕಣ್ಣು ಒಂದೋ ಎರಡೋ ಇರುವಂತೆ ನೋಡಿ, ಗಾಯ ಒಣಗಿದ ಮೇಲೆ ಎರಡು ಬೆರಳಿನಷ್ಟು ಆಳದಲ್ಲಿ ಇಟ್ಟಿದ್ದೆ. ಬೆಳಗಿನ ಎಳೆಬಿಸಿಲು, ಆಮೇಲೆ ನೆರಳು ಎಲ್ಲಕ್ಕೂ ಸಮಾನವಾಗಿ ಸಿಕ್ಕಿತ್ತು. ಬೇರೆಯಾಗಿದ್ದುದು ಮುಖ್ಯವಾಗಿ ಪಾತ್ರೆಯ ಆಕಾರ. ಅದು ಏನು ಮಾಡಿದೆ ಎಂದು ಕಣ್ಣಾರೆ ಕಾಣುವ ಆಸೆಯೇ ನನಗೆ ಶುಂಠಿಗಿಂತ ದೊಡ್ಡದಾಗಿತ್ತು.

ಮೊದಲು ಕ್ಯಾನನ್ನು ಬೋರಲು ಹಾಕಿದೆವು. ಮಣ್ಣು ಕ್ಯಾನಿನ ಆಕಾರದಲ್ಲೇ ಇಡಿಯಾಗಿ ಜಾರಿ ಬಿತ್ತು. ಕೆಳಗಿನ ಅರ್ಧದಲ್ಲಿ ಒಂದೇ ಒಂದು ಗೆಡ್ಡೆಯಿಲ್ಲ. ದಾರದಂತಹ ಬೇರುಗಳು ಮಾತ್ರ ಅಲ್ಲಿಗೆ ಇಳಿದು, ತಳದ ರಂಧ್ರಗಳೊಳಗೆ ಹೆಣೆದುಕೊಂಡು ಅವುಗಳನ್ನು ಮುಚ್ಚಿಬಿಟ್ಟಿದ್ದವು. ಶುಂಠಿ ಬೇರಲ್ಲ, ಮಣ್ಣಿನೊಳಗೆ ಅಡ್ಡಡ್ಡವಾಗಿ ಹರಿಯುವ ಕಾಂಡ. ಅದಕ್ಕೆ ಕೆಳಗೆ ಇಳಿಯುವ ಹಂಬಲವೇ ಇಲ್ಲ. ಪಕ್ಕಕ್ಕೆ ಹೋಗಲು ಜಾಗ ಹುಡುಕಿ, ಗೋಡೆ ಸಿಕ್ಕಾಗ ಮೇಲಕ್ಕೆ ತಿರುಗಿ, ಒಂದರ ಮೇಲೊಂದು ಏರಿ ಅದು ಮೇಲ್ಭಾಗದಲ್ಲೇ ಇಕ್ಕಟ್ಟಾಗಿ ಕುಳಿತಿತ್ತು. ಕ್ಯಾನಿನ ಒಂದು ಪಕ್ಕ ಹೊರಕ್ಕೆ ಉಬ್ಬಿದ್ದು ಇದರಿಂದಲೇ ಎಂದು ಆಗ ತಿಳಿಯಿತು. ಒಂದು ಗೆಡ್ಡೆ ಒತ್ತಿದರೆ ಮೆತ್ತಗೆ ಕುಸಿದು ಕೆಟ್ಟ ವಾಸನೆ ಬೀರಿತು. ನೀರು ನಿಂತ ಮಣ್ಣಿನಲ್ಲಿ ಪಿಥಿಯಂ ಎಂಬ ಶಿಲೀಂಧ್ರದಂತಹ ಜೀವಿ ತರುವ ಮೆದು ಕೊಳೆ ಇದು. ಶುಂಠಿಗೆ ಇದಕ್ಕಿಂತ ದೊಡ್ಡ ಶತ್ರು ವಿರಳ. ಆ ಮಣ್ಣನ್ನೆಲ್ಲ ಬೇರೆಯಾಗಿ ಕಟ್ಟಿಟ್ಟೆ, ಶುಂಠಿಗಾಗಲಿ ಅರಿಶಿನಕ್ಕಾಗಲಿ ಅದು ಮತ್ತೆ ಬೇಡ.

ಬಕೆಟ್ಟಿನ ಫಸಲು ಪರವಾಗಿಲ್ಲ ಎನ್ನುವಂತಿತ್ತು. ರಂಧ್ರಗಳನ್ನು ತಳದಲ್ಲಿ ಮಾತ್ರವಲ್ಲದೆ ಪಕ್ಕದಲ್ಲೂ, ತಳಕ್ಕೆ ಹತ್ತಿರವಾಗಿ, ಕಾಯಿಸಿದ ಮೊಳೆಯಿಂದ ಚುಚ್ಚಿ ಎರಡು ಇಟ್ಟಿಗೆಗಳ ಮೇಲೆ ಕೂರಿಸಿದ್ದರಿಂದ ನೀರು ಸರಾಗವಾಗಿ ಬಸಿದಿತ್ತು.

ಟಬ್ಬಿನ ಬಗ್ಗೆ ಮಾತ್ರ ಎಷ್ಟು ಹೇಳಿದರೂ ಸಾಲದು. ಅದನ್ನು ಬೋರಲು ಹಾಕದೆ ಅಂಚಿನಿಂದ ಕೈಯಲ್ಲೇ ಮಣ್ಣು ಬಿಡಿಸುತ್ತಾ ಹೋದೆವು. ಮೊದಲು ಕಂಡದ್ದು ಬೆಳ್ಳನೆಯ ಒಂದು ತುದಿ. ಅದರ ಹಿಂದೆ ತೆಳುವಾದ ಹೊಂಬಣ್ಣದ ಸಿಪ್ಪೆ, ಅದರ ಮೇಲೆ ಉಂಗುರ ಉಂಗುರವಾಗಿ ಗೆರೆಗಳು, ಪ್ರತಿ ಗಿಣ್ಣಿನ ಬಳಿ ನಸುಗೆಂಪು ಕಣ್ಣು. ಬಿಡಿಸಿದಷ್ಟೂ ಅದು ಮುಗಿಯಲಿಲ್ಲ. ಒಂದು ಕವಲು ಎಡಕ್ಕೆ, ಅದರದೇ ಮರಿ ಬಲಕ್ಕೆ, ಎಲ್ಲವೂ ಒಂದೇ ಮಟ್ಟದಲ್ಲಿ ಹರಡಿದ್ದವು. ನಡುವೆ ಕಂದು ಬಣ್ಣಕ್ಕೆ ತಿರುಗಿ ಸುಕ್ಕುಗಟ್ಟಿದ, ಇನ್ನೂ ಗಟ್ಟಿಯಾಗಿಯೇ ಇದ್ದ ತುಂಡೊಂದು ಸಿಕ್ಕಿತು. ಅದರ ಒಂದು ತುದಿ ಚಪ್ಪಟೆಯಾಗಿ ಒಣಗಿತ್ತು.

“ಅಪ್ಪಾ, ಇದು ನಾವು ಮುರಿದು ನೆಟ್ಟದ್ದೇ ಅಲ್ಲವಾ?” ಎಂದಳು ಮಗಳು.

ಅದೇ. ತಾಯಿ ಗೆಡ್ಡೆ. ಶುಂಠಿ ಬೀಜ ಕಟ್ಟುವುದಿಲ್ಲ, ಕಾಡಿನಲ್ಲಿ ತಾನೇ ತಾನಾಗಿ ಬೆಳೆಯುವ ಶುಂಠಿಯನ್ನು ಕಂಡವರೂ ಇಲ್ಲ. ಮನುಷ್ಯರು ಒಬ್ಬರ ಕೈಯಿಂದ ಒಬ್ಬರ ಕೈಗೆ ತುಂಡು ದಾಟಿಸುತ್ತಾ ಬಂದದ್ದರಿಂದಲೇ ಅದು ಉಳಿದಿದೆ. ಇದನ್ನು ಹೇಳಿದಾಗ ಅವಳು ಆ ತುಂಡನ್ನು ಬಹಳ ಹೊತ್ತು ತಿರುಗಿಸಿ ನೋಡಿದಳು. ನನಗೂ ಅದನ್ನು ಅಡುಗೆಮನೆಗೆ ಕಳುಹಿಸಲು ಮನಸ್ಸಾಗಲಿಲ್ಲ.

ಟಬ್ ಹಿಡಿದದ್ದು ಬಕೆಟ್ ಹಿಡಿದಷ್ಟೇ ಮಣ್ಣು, ಹೆಚ್ಚುಕಡಿಮೆ. ಆದರೂ ತಕ್ಕಡಿಗೆ ಹಾಕಿದಾಗ ಟಬ್ಬಿನ ಶುಂಠಿ ಬಕೆಟ್, ಕ್ಯಾನು ಎರಡರದ್ದೂ ಸೇರಿಸಿದ್ದಕ್ಕಿಂತ ಹೆಚ್ಚು ತೂಗಿತು. ಹಳೆಯ ಪಾತ್ರೆ ಆರಿಸುವವರು ಆಳ ನೋಡುತ್ತಾರೆ, ನೋಡಬೇಕಾದದ್ದು ಅಗಲ. ಒಂದು ಗೇಣು ಆಳವಿದ್ದು, ನಡುನಡುವೆ ಬುಡಕ್ಕೆ ಮಣ್ಣು ಏರಿಸಲು ಮೇಲೆ ಸ್ವಲ್ಪ ಜಾಗ ಉಳಿದರೆ ಬೇರೇನೂ ಬೇಡ.

ಚೀಲದಲ್ಲಿಯೂ ಶುಂಠಿ ಚೆನ್ನಾಗಿಯೇ ಬಂದಿತ್ತು. ಅಂಚನ್ನು ಮೊದಲು ಮಡಚಿಟ್ಟು, ಮಣ್ಣು ಏರಿಸಿದಂತೆಲ್ಲ ಬಿಚ್ಚುತ್ತಾ ಹೋಗುವ ಅನುಕೂಲ ಬೇರಾವ ಪಾತ್ರೆಯಲ್ಲೂ ಇಲ್ಲ. ಆದರೆ ಎತ್ತಲೆಂದು ಹಿಡಿದಾಗ ಅದರ ಬಿಸಿಲು ಬಿದ್ದ ಪಕ್ಕ ಕೈಯಲ್ಲೇ ಪುಡಿಯಾಯಿತು. ಸೂರ್ಯನ ಬೆಳಕು ಈ ನೇಯ್ಗೆಯ ಎಳೆಗಳನ್ನು ಕೆಲವೇ ತಿಂಗಳಲ್ಲಿ ತಿಂದುಹಾಕುತ್ತದೆ. ಬಿಳಿಯ ಚೂರುಗಳು ಮಣ್ಣಿನಲ್ಲೆಲ್ಲ ಬೆರೆತವು. ಮಧ್ಯಾಹ್ನದವರೆಗೂ ಇಬ್ಬರೂ ಕುಳಿತು ಅವುಗಳನ್ನು ಆರಿಸಿದೆವು, ಆದರೂ ಎಲ್ಲವೂ ಸಿಕ್ಕಿರಲಾರವು. ಕಸವಾಗಬೇಕಿದ್ದ ವಸ್ತುವನ್ನು ಮತ್ತೆ ಬಳಸುವುದು ಒಳ್ಳೆಯದೇ, ಆದರೆ ಅದೇ ಕಸ ಚೂರುಚೂರಾಗಿ ಮಣ್ಣು ಸೇರುವುದಾದರೆ ಬಳಸದಿರುವುದೇ ಮೇಲು. ನೇಯ್ಗೆಯ ಚೀಲಗಳಿಗೆ ನಮ್ಮ ಬಾಲ್ಕನಿಯಲ್ಲಿ ಇನ್ನು ಜಾಗವಿಲ್ಲ.

ಅಡುಗೆಗೆ ಬೇಕಾದಷ್ಟನ್ನು ತೊಳೆದು ಹರಡಿದೆವು. ಬಿತ್ತನೆಗೆ ಟಬ್ಬಿನದರಲ್ಲೇ ದಪ್ಪನೆಯ, ಗಾಯವಿಲ್ಲದ ಗೆಡ್ಡೆಗಳನ್ನು ಆರಿಸಿ, ತೊಳೆಯದೆ ಮಣ್ಣು ಕೊಡವಿ ಗಾಳಿಯಾಡುವ ನೆರಳಿನಲ್ಲಿಟ್ಟೆ. ಕಣ್ಣು ಉಬ್ಬುವವರೆಗೆ ಅವು ಅಲ್ಲೇ ಇರಲಿ.

ಮೂಲೆಯಲ್ಲಿ ಎಣ್ಣೆಯ ಇನ್ನೊಂದು ಖಾಲಿ ಕ್ಯಾನು ಇತ್ತು. ಈ ಸಲ ಅದರ ಬಾಯಿ ಕತ್ತರಿಸಲಿಲ್ಲ. ಸಾಬೂನು ನೀರಿನಿಂದ ಜಿಡ್ಡು ತೊಳೆದು, ಮುಚ್ಚಳ ಬಿಗಿದು, ಅಡ್ಡ ಮಲಗಿಸಿ, ಮೇಲೆ ಬಂದ ಅಗಲವಾದ ಪಕ್ಕವನ್ನು ಅಂಚು ಬಿಟ್ಟು ಕೊಯ್ದು ತೆಗೆದೆ. ಅಳೆದು ನೋಡಿದರೆ ಸರಿಯಾಗಿ ಒಂದು ಗೇಣು ಆಳ. ಮಗಳು ಮೊಳೆ ಕಾಯಿಸಲು ಹೇಳಿ, ರಂಧ್ರ ಎಲ್ಲೆಲ್ಲಿ ಬೇಕೆಂದು ತಾನೇ ಪೆನ್ನಿನಲ್ಲಿ ಗುರುತು ಹಾಕಿದಳು. ತಳದಲ್ಲಿ ಕೆಲವು, ಪಕ್ಕದಲ್ಲಿ ಅದಕ್ಕಿಂತ ಹೆಚ್ಚು.