ಮರಾಠಿಯ ಮೂವತ್ತೆರಡನೇ ಪೀರಿಯಡ್

ಜೂನ್‌ನಲ್ಲಿ ಶಾಲೆ ತೆರೆಯುವ ಮುಂಚಿನ ಶನಿವಾರ. ಮುಂಬೈ ಉಪನಗರದ ಕನ್ನಡ ಮಾಧ್ಯಮ ಶಾಲೆಯೊಂದರ ಸ್ಟಾಫ್ ರೂಮಿನಲ್ಲಿ ‘ಫೆಟ್’ ಎಂಬ ಉಚಿತ ತಂತ್ರಾಂಶ ಟೈಮ್‌ಟೇಬಲ್ ಹೆಣೆಯುತ್ತಿತ್ತು. ಎಂಟು ಸೆಕ್ಷನ್, ಸೋಮವಾರದಿಂದ ಶುಕ್ರವಾರ ದಿನಕ್ಕೆ 8 ಪೀರಿಯಡ್, ಶನಿವಾರ 5. ಎಷ್ಟು ಹೊತ್ತು ತಿರುಗಿದರೂ ಒಂದೇ ಒಂದು ಪೀರಿಯಡ್ ಕೂರಲೊಲ್ಲದು.

ಈ ತಂತ್ರಾಂಶ ಕೂರಿಸಲು ಕಷ್ಟವಾದುದನ್ನೇ ಮೊದಲು ಎತ್ತಿಕೊಳ್ಳುತ್ತದೆ: ಲ್ಯಾಬಿನ ಜೋಡಿ ಪೀರಿಯಡ್, ಕೆಲವೇ ದಿನ ಬರುವ ಶಿಕ್ಷಕರ ಪಾಠ. ಜಾಗವಿಲ್ಲದಿದ್ದರೆ ಅಡ್ಡಬಂದ ಪಾಠವನ್ನು ಎಬ್ಬಿಸುತ್ತದೆ, ಎದ್ದದ್ದಕ್ಕೆ ಬೇರೆಡೆ ಜಾಗ ಹುಡುಕುತ್ತದೆ, ಅಲ್ಲೂ ಇಲ್ಲವೆಂದರೆ ಮತ್ತೊಂದನ್ನು ಎಬ್ಬಿಸುತ್ತದೆ. ಲೋಕಲ್ ರೈಲಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವರು ಕೂರುವ ಫೋರ್ತ್ ಸೀಟಿನಂತೆ ಸರಿದು ಜಾಗ ಕೊಡುವಂತಿಲ್ಲ, ಒಬ್ಬರು ಏಳಲೇಬೇಕು.

ಹೀಗೆ ಎಲ್ಲವನ್ನೂ ಜಾಲಾಡದೆ ಅಂದಾಜಿನ ದಾರಿ ಹಿಡಿಯುವ ‘ಹ್ಯೂರಿಸ್ಟಿಕ್’ ಹುಡುಕಾಟದ ತೊಡಕು ಇಲ್ಲಿದೆ. ಉತ್ತರವೇ ಇಲ್ಲದಿದ್ದರೂ ಅದು ಎಷ್ಟೋ ಸಲ ಹಾಗೆಂದು ಹೇಳದು, ಹುಡುಕುತ್ತಲೇ ಇರುತ್ತದೆ. ಎಣಿಕೆ ನಾವೇ ಮಾಡಬೇಕು. ಮರಾಠಿ ಟೀಚರ್ ಒಬ್ಬರೇ, ಸೋಮವಾರದಿಂದ ಗುರುವಾರ ಮಾತ್ರ: 4×8, ಅಂದರೆ 32. ಎಂಟು ಸೆಕ್ಷನ್‌ಗೆ ನಾಲ್ಕರಂತೆ ಬೇಕಾದದ್ದೂ 32. ಆದರೆ ಗುರುವಾರದ ಎಂಟನೆಯದು ಇಡೀ ಶಾಲೆಗೆ ಕವಾಯತು. ಉಳಿದದ್ದು 31. ಕಂಪ್ಯೂಟರ್ ರಾತ್ರಿಯಿಡೀ ಓಡಿದರೂ ಮೂವತ್ತೆರಡನೆಯದು ಹುಟ್ಟುವುದಿಲ್ಲ.

ಕವಾಯತು ಶನಿವಾರಕ್ಕೆ ಹೋಯಿತು. ಲೆಕ್ಕಕ್ಕೆ ಅಷ್ಟೇ ಸಾಕು, ಆದರೆ ಆ ಟೀಚರ್‌ಗೆ ದಿನವಿಡೀ ಒಂದೂ ಬಿಡುವಿಲ್ಲ, ಯಂತ್ರಕ್ಕದು ತಪ್ಪೆನಿಸದು. ಐದನೆಯ ತರಗತಿಯ ಮರಾಠಿಯನ್ನು ಕ್ಲಾಸ್ ಟೀಚರ್ ವಹಿಸಿಕೊಂಡ ಮೇಲೆ ಮರಾಠಿ ಟೀಚರ್‌ನ ಪೀರಿಯಡ್ 28ಕ್ಕೆ ಇಳಿಯಿತು, ಪಟ್ಟಿಯೂ ಬೇಗ ಮುಗಿಯಿತು. ಬಿಗಿಯಾದ ಕಡೆ ಹತ್ತರಲ್ಲಿ ಒಂದಾದರೂ ಖಾಲಿ ಬಿಟ್ಟಿರಬೇಕು.

ಇನ್ನು ‘ಆದರೆ ಒಳ್ಳೆಯದು’ ಎನ್ನುವ ಬೇಡಿಕೆಗಳು. ದೂರದ ಡೊಂಬಿವಲಿಯಿಂದ ಬರುವವರಿಗೆ ಮೊದಲ ಪೀರಿಯಡ್ ಬೇಡ, ಗಣಿತ ಊಟದ ಮುಂಚೆಯೇ ಇರಲಿ. ಎಲ್ಲಕ್ಕೂ ನೂರಕ್ಕೆ ನೂರು ತೂಕ ಕೊಟ್ಟರೆ ಕಡ್ಡಾಯವಲ್ಲದ್ದೂ ಕಡ್ಡಾಯವಾಗಿ ಪಟ್ಟಿ ಮತ್ತೆ ಸಿಕ್ಕಿಕೊಳ್ಳುತ್ತದೆ. ನೂರು ಇರಬೇಕಾದ್ದು ‘ಒಬ್ಬ ಶಿಕ್ಷಕ ಒಮ್ಮೆಗೆ ಎರಡು ಕಡೆ ಇರಲಾರ’ ಎಂಬಂಥವಕ್ಕೆ ಮಾತ್ರ.

ಪರೀಕ್ಷೆಯ ಟೈಮ್‌ಟೇಬಲ್‌ನ ಲೆಕ್ಕ ಬೇರೆ. ಒಬ್ಬನೇ ವಿದ್ಯಾರ್ಥಿ ಬರೆಯುವ ಎರಡು ಪೇಪರ್‌ಗಳ ನಡುವೆ ಗೆರೆ ಎಳೆದು, ಗೆರೆ ಸೇರಿದವಕ್ಕೆ ಬೇರೆ ಬೇರೆ ಬಣ್ಣ ಹಚ್ಚುವುದು; ಒಂದು ಬಣ್ಣವೆಂದರೆ ಒಂದು ಪಾಳಿ. ಹೆಚ್ಚು ಗೆರೆಯುಳ್ಳ ಪೇಪರ್ ಮೊದಲು ಎಂಬ ಕ್ರಮವನ್ನು ವೆಲ್ಷ್ ಮತ್ತು ಪೊವೆಲ್ ಎಂಬ ಸಂಶೋಧಕರು 1967ರಲ್ಲೇ ಟೈಮ್‌ಟೇಬಲ್‌ಗೆಂದು ಬರೆದರು. ಎಲ್ಲರೂ ಅವೇ ವಿಷಯ ಓದುವ ಶಾಲೆಯಲ್ಲಿ ಇದರ ಅಗತ್ಯವೇ ಬೀಳದು. ಐಚ್ಛಿಕ ವಿಷಯಗಳಿರುವ ಜೂನಿಯರ್ ಕಾಲೇಜಿನಲ್ಲಿ ಬೇಕೇ ಬೇಕು. ಅಲ್ಲೂ ಬಣ್ಣಕ್ಕೆ ಬೆಂಚಿನ ಲೆಕ್ಕ ತಿಳಿಯದು: ಒಂದು ಪಾಳಿಗೆ 260 ಮಕ್ಕಳು ಬಿದ್ದು ಬೆಂಚು 200 ಇದ್ದರೆ, ಆ ಬಣ್ಣದ ಒಂದು ಪೇಪರನ್ನು ಬೇರೆ ಪಾಳಿಗೆ ಕೈಯಾರೆ ಎತ್ತಿಡಬೇಕು.